ಖಾಲಿ ಪಿಕಪ್ಪಿಗೆ ಪರ್ಸಿಯ ಭಾರ

ಹೆತ್ತವಳ ಋಣ ತೀರುವುದಿಲ್ಲ ಅನ್ನುತ್ತಾರೆ. ನನ್ನ ತಲೆಯ ಮೇಲೆ ಕಲ್ಲಿದ್ದಲು ಮಾರುವವನ ಋಣವೂ ಇದೆ, ಮಾಂಸದಂಗಡಿಯವನದೂ ಇದೆ.

ಸೆತ್ ಮೆಟ್‌ಕಾಫ್ ನಮ್ಮ ಯಾರ್ಕ್‌ಷೈರ್ ಕಣಿವೆಯಲ್ಲಿ ಮನೆಮನೆಗೆ ಕಲ್ಲಿದ್ದಲು ಹಾಕುತ್ತಿದ್ದ. ಗಾಡಿಯ ಕುದುರೆ ಸತ್ತ ವರ್ಷ ಮೋರಿಸ್ ಕಂಪನಿಯ ಪಿಕಪ್ ತಂದ. ಬಣ್ಣ ಹೊಡೆಯದ ಗಾಡಿ ಅಗ್ಗವೆಂದು ಹಾಗೇ ಕೊಂಡು, ಮನೆ ಬಾಗಿಲಿಗೆ ಬಳಿದು ಉಳಿದಿದ್ದ ಹಸಿರನ್ನು ತಾನೇ ಬ್ರಷ್ಷಿನಲ್ಲಿ ಬಳಿದ. ಮುದುಕಿಯರ ಇದ್ದಲನ್ನು ಒಲೆಯ ಬುಡದವರೆಗೂ ಹೊತ್ತು ಹಾಕುವವನು, ಒಂದು ಲೋಟ ಚಹಾ ಕೇಳಿದವನಲ್ಲ. ಯಾರಲ್ಲೂ ಏನೂ ಕೇಳದ ಹಮ್ಮು ಅವನದು. ಬಾಯಿಗೆ ಮಾತ್ರ ಬೀಗವಿಲ್ಲ. ಮಾಂಸದಂಗಡಿ ಪರ್ಸಿ ತಕ್ಕಡಿಯಲ್ಲಿ ತನ್ನ ಹೆಬ್ಬೆರಳನ್ನೂ ತೂಗುತ್ತಾನೆ ಎಂದು ಒಮ್ಮೆ ಪಬ್ಬಿನಲ್ಲಿ ಅಂದುಬಿಟ್ಟ. ಅಲ್ಲಿಂದ ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ.

ಅರವತ್ತಮೂರರ ಆ ಹಾಳು ಚಳಿಗಾಲ, ದಾರಿಯೆಲ್ಲ ಹಿಮ. ಬೆಳಿಗ್ಗೆ ಅಮ್ಮನಿಗೆ ನೋವು ಶುರುವಾಯಿತು. ಮಗು ತಿರುಗಿಲ್ಲ, ಆಸ್ಪತ್ರೆಗೇ ಹೋಗಬೇಕು ಎಂದಳು ಸೂಲಗಿತ್ತಿ. ಆಂಬುಲೆನ್ಸ್ ಗುಡ್ಡದ ಆಚೆಯ ಬುಡದವರೆಗಷ್ಟೇ ಬರುವುದಂತೆ. ಸೆತ್ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಹಿಂದೆ ಹೊರೆಯಿದ್ದರೆ ಚಕ್ರ ನೆಲ ಹಿಡಿದು ಎಂಥ ಏರನ್ನೂ ಹತ್ತುವ ಗಾಡಿ ಅದು. ಅಂದು ಇದ್ದಲು ಮುಗಿದು ಹಿಂದೆ ಖಾಲಿ. ಏರಿನ ಬುಡದಲ್ಲೇ ಹಿಂಚಕ್ರಗಳು ಗಿರ್ರನೆ ಸುಮ್ಮನೆ ತಿರುಗಿದವು. ಅಪ್ಪ ಹಿಂದೆ ಹತ್ತಿ ಕೂತ, ಸಾಲಲಿಲ್ಲ. ಕಲ್ಲು ಹೇರೋಣವೆಂದರೆ ಎಲ್ಲ ಹಿಮದಡಿ ನೆಲಕ್ಕೆ ಅಂಟಿಕೊಂಡಿದ್ದವು. ಒಳಗೆ ಅಮ್ಮ ಹಲ್ಲು ಕಚ್ಚಿ ನರಳುತ್ತಿದ್ದಳು.

ಊರಿಗೇ ದೊಡ್ಡ ಆಳು ಪರ್ಸಿ, ಒಬ್ಬನೇ ಮೂವರ ತೂಕ. ಸೆತ್ ಇಳಿದು ಹೋಗಿ ಅವನ ಅಂಗಡಿಯ ಬಾಗಿಲು ತಟ್ಟಿದ. ಟೋಪಿ ತೆಗೆದು ಸಂಗತಿ ಹೇಳಿದ.

"ನನ್ನ ಹೆಬ್ಬೆರಳೂ ಬೇಕೇನಯ್ಯ?" ಎಂದ ಪರ್ಸಿ.

"ಎಲ್ಲಾ ಬೇಕು ಮಾರಾಯ. ತಪ್ಪಾಯ್ತು, ಬಂದು ಹತ್ತು."

ಪರ್ಸಿ ಏಪ್ರನ್ ಕೂಡ ಬಿಚ್ಚದೆ ಬಂದು ಹಿಂದೆ ಹತ್ತಿ, ಹಿಂಚಕ್ರಗಳ ನೇರಕ್ಕೆ ಕೂತ. ಗಾಡಿ ಗುಡ್ಡ ಏರಿತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ನಾನು ಹುಟ್ಟಿದೆ, ಕಾಲು ಮುಂದಾಗಿ. ಇನ್ನೊಂದು ಗಂಟೆ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದರಂತೆ ಡಾಕ್ಟರು.

ಆಮೇಲೆ ಹಿಮ ಬಿದ್ದಾಗಲೆಲ್ಲ, ಕೊನೆಯ ಮೂಟೆ ಇಳಿದರೆ ಸಾಕು, ಪರ್ಸಿ ತಾನಾಗಿ ಬಂದು ಹಿಂದೆ ಕೂರುತ್ತಿದ್ದ. ಎರಡು ಮರಳು ಚೀಲ ಇಟ್ಟುಕೊಳ್ಳಬಾರದೇ ಎಂದು ಅಪ್ಪ ಅಂದದ್ದಕ್ಕೆ ಸೆತ್ ಉರಿದುಬಿದ್ದ. ಪರ್ಸಿ ಬೇಜಾರು ಮಾಡಿಕೊಂಡರೆ?

ಪರ್ಸಿ ತೀರಿಕೊಂಡಾಗ ನನಗೆ ಹದಿನಾಲ್ಕು. ಆ ವರ್ಷ ಮೊದಲ ಹಿಮ ಬಿದ್ದ ದಿನ ಸೆತ್ ನಮ್ಮ ಮನೆಗೆ ಬಂದು, ಟೋಪಿ ತೆಗೆದು, ಎರಡು ಮರಳು ಚೀಲ ಇದೆಯೇ ಎಂದು ಕೇಳಿದ. ಎರಡನ್ನೂ ನಾನೇ ಹೊತ್ತು, ಪರ್ಸಿ ಕೂರುತ್ತಿದ್ದ ಜಾಗದಲ್ಲಿ ಇಟ್ಟೆ. ಚಕ್ರ ಇನ್ನೂ ಜಾರುತ್ತಿತ್ತು. ನಾನೂ ಹಿಂದೆ ಹತ್ತಿ ಚೀಲಗಳ ಪಕ್ಕದಲ್ಲಿ ಕೂತೆ.