ಒಳಗಿನಿಂದ ತೆಗೆಯುವ ರಾಡು

ರಾಣೆಬೆನ್ನೂರಿನಲ್ಲಿ ನನ್ನದು ಬೀಗ, ಚಿಲಕ, ಬಾಗಿಲಿನ ಸಾಮಾನಿನ ಅಂಗಡಿ. ಓದಿದ್ದು ಹೈಸ್ಕೂಲಿನವರೆಗೆ, ಉಳಿದದ್ದು ಕೈ ಕಲಿತದ್ದು. ಶಟರು, ಗೋದಾಮಿನ ಕದ, ಆಫೀಸಿನ ಗಾಜಿನ ಬಾಗಿಲು, ಯಾವುದಕ್ಕೆ ಕರೆದರೂ ಹೋಗಿ ಕೂಡಿಸಿ ಬರುತ್ತಿದ್ದೆ. ಜನ ಕೆಲಸ ಮಾಡುವ ಜಾಗದ ಬಾಗಿಲಿಗೆ ಒಂದು ನಿಯಮವಿದೆ. ಹೊರಗಿನಿಂದ ಎಷ್ಟೇ ಗಟ್ಟಿಯಾಗಿ ಮುಚ್ಚಿದರೂ ಒಳಗಿದ್ದವರು ಬರಿಗೈಯಲ್ಲಿ ತೆಗೆಯುವಂತಿರಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದನ್ನು ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡಲು ಒಂದರ ಹಿಂದೊಂದು ಕೋಲ್ಡ್ ಸ್ಟೋರೇಜ್ ಏಳುತ್ತಿದ್ದವು. ಅಂಥ ಒಂದರಲ್ಲಿ ಗೇಣು ದಪ್ಪದ ಬಾಗಿಲು ಕೂಡಿಸಿದೆ. ಹೊರಗೆ ಹಿಡಿಕೆ, ಒಳಗೆ, ತಳ್ಳಿದರೆ ಚಿಲಕ ಬಿಡುವ ರಾಡು. ಹಿಂದೆ ಬೇರೆ ಕಡೆ ಅಂಥದೇ ರಾಡಿನ ತುದಿಗೆ ಚೀಲ ಸಿಕ್ಕು ಹರಿದು, ಹಮಾಲರು ನನ್ನನ್ನು ಬೈದಿದ್ದರು. ಸುತ್ತ ಕಬ್ಬಿಣದ ಪಟ್ಟಿ ಬಾಗಿಸಿ ಹಾಕಿದರೆ ಚೀಲ ತಾಗುವುದಿಲ್ಲ. ಆದರೆ ಅದನ್ನು ವೆಲ್ಡಿಂಗ್ ಮಾಡಿಸಿಕೊಂಡು ಮರುದಿನ ಮತ್ತೆ ಬರಬೇಕಿತ್ತು. ನನಗೆ ಬೇಸರ. ರಾಡನ್ನು ಕೂಡಿಸದೆ ನನ್ನ ಸಾಮಾನಿನ ಚೀಲಕ್ಕೆ ಹಾಕಿಕೊಂಡು, ತೂತಿನ ಮೇಲೆ ತಗಡಿನ ತುಂಡಿಟ್ಟು ನಾಲ್ಕು ಸ್ಕ್ರೂ ಬಿಗಿದು ಬಂದೆ. ಯಾರಿಗೂ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಕಟ್ಟಡಕ್ಕೆ ಇನ್ನೊಂದು ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ, ಒಳಗೆ ಕಸ ಗುಡಿಸುತ್ತಿದ್ದ ಹೆಂಗಸನ್ನು ನೋಡದೆ ಯಾರೋ ನಾನು ಕೂಡಿಸಿದ್ದ ಆ ಬಾಗಿಲು ಮುಚ್ಚಿ ಊಟಕ್ಕೆ ಹೋದರು. ಊಟ ಮುಗಿಸಿ ಬಂದು ತೆಗೆದರೆ, ಆಕೆ ಖಾಲಿ ಚೀಲ ಹೊದ್ದು ನಡುಗುತ್ತಾ ಕುಳಿತಿದ್ದಳು.

"ಏನಬೇ, ತಂಪ ಐತಿ ಅಂತ ಮಲಗಿದ್ಯೇನು?" ಎಂದು ಕಟ್ಟಡದ ಮಾಲೀಕ ಸಾಹುಕಾರರು ನಕ್ಕರು.

"ಬಡದ ಬಡದ ಕೈ ಸೋತ್ವು ಸಾವ್ಕಾರ್ರ. ಒಳಗಿಂದ ತೆಗಿಯಾಕ ಏನೂ ಇಲ್ಲಲ್ರಿ!"

ಸಾಹುಕಾರರು ನನ್ನ ಕಡೆ ನೋಡಿದರು. "ಈ ನಮೂನಿ ಬಾಗಿಲಕ್ಕ ಅದು ಬರೂದಿಲ್ರಿ" ಎಂದೆ.

ಆಕೆ ತಗಡಿನ ಮೇಲೆ ಬೆರಳಿಟ್ಟಳು. "ಮತ್ತ ಇದನ್ಯಾಕ ಹೊಡದೀರಿ?"

"ಚಂದ ಕಾಣ್ಲಿ ಅಂತ."

ಬಾಗಿಲಿನದು ತಪ್ಪಿಲ್ಲವೆಂದರೆ ಆಕೆಯದೇ ತಪ್ಪು ಎಂದಾಯಿತು. ಕೆಲಸದ ಹೊತ್ತಿನಲ್ಲಿ ಮಲಗುವವಳು ಬೇಡ ಎಂದು ಅವತ್ತೇ ಬಿಡಿಸಿದರು. ನಾನು ಸ್ಕ್ರೂಡ್ರೈವರ್ ಒರೆಸುತ್ತಾ ನಿಂತಿದ್ದೆ.

ಆ ರಾಡು ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿನ ಡಬ್ಬಿಯಲ್ಲಿತ್ತು. ಹೋಗಿ ಕೂಡಿಸಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಕೂಡಿಸಿದರೆ ನನ್ನ ಸುಳ್ಳು ಬಯಲಾಗುತ್ತದೆ ಎಂದು ಸುಮ್ಮನಾದೆ. ಇನ್ನೊಬ್ಬರು ಒಳಗೆ ಸಿಕ್ಕಿಕೊಂಡರೆ ಎಂಬ ಯೋಚನೆಯೂ ಬರುತ್ತಿತ್ತು. ಆಗ ಡಬ್ಬಿಯ ಮೇಲೆ ಬೇರೆ ಏನಾದರೂ ಇಡುತ್ತಿದ್ದೆ.

ಒಂದು ತಿಂಗಳ ಬಳಿಕ ಬ್ಯಾಡಗಿಯಲ್ಲಿ, ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಂಗಳದ ಮುಂದೆ ಹೋಗುತ್ತಿದ್ದೆ. ಆಕೆ ಕೂಲಿ ಕೆಲಸ ಕೇಳಿಕೊಂಡು ಬಂದು ನಿಂತಿದ್ದಳು.

"ಬಂದ್ಳು ನೋಡ್ರೇ ಥಂಡಿ ಖೋಲಿ ರಾಣಿ! ಹಾಸಿಗಿ ಹಾಸ್ರಿ!" ಎಂದು ಒಬ್ಬಳು ಕೂಗಿದಳು. ಉಳಿದವರು ನಕ್ಕರು. ಅಲ್ಲಿಯ ಮೇಸ್ತ್ರಿ ಕೆಲಸವಿಲ್ಲ ಎಂದು ಕೈಯಾಡಿಸಿದ. ಆಕೆ ಸೆರಗು ಎಳೆದುಕೊಂಡು ಹೊರಟಳು.

ನಾನು ಹಿಂದೆ ಹೋಗಿ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ.

"ನನಗ ಯಾಕ ಹೇಳ್ತೀರಿ? ನಾ ಮಲಗಿಲ್ಲಂತ ನನಗ ಗೊತ್ತೈತಿ. ನಕ್ಕಾರಲ್ಲ, ಅವರಿಗೆ ಹೇಳ್ರಿ."

ಹೇಳಿದೆ, ಅದೇ ಅಂಗಳದಲ್ಲಿ ನಿಂತು. ಕೂಗಿದವಳು ತಲೆ ತಗ್ಗಿಸಿ ಮತ್ತೆ ತೊಟ್ಟು ಬಿಡಿಸತೊಡಗಿದಳು. ಒಬ್ಬ ಮುದುಕಿ ಮಾತ್ರ, "ಇಂವನ್ನ ಒಳಗ ಹಾಕಿ ಅಗಳಿ ಜಡೀಬೇಕ ನೋಡ್ರಿ" ಎಂದಳು.

ಮರುದಿನ ರಾಡು, ಪಟ್ಟಿ ಎರಡನ್ನೂ ತೆಗೆದುಕೊಂಡು ಆಕೆಯೊಡನೆ ಸಾಹುಕಾರರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು ನನ್ನನ್ನು ಬೈದದ್ದು ಕಡಿಮೆಯೇ. "ಆತ ಬಿಡು, ನಾಳಿಂದ ಬಾ" ಎಂದು ಆಕೆಗೆ ಹೇಳಿದರು.

"ಮೊದಲ ಅದನ್ನ ಕೂಡಸ್ಲಿ, ಆಮ್ಯಾಲ ನೋಡೂಣು."

ತಗಡು ಕಿತ್ತು ರಾಡು ಕೂಡಿಸಿ, ಸುತ್ತ ಪಟ್ಟಿ ಹಾಕಿದೆ. ತಳ್ಳಿ ತೋರಿಸಿದೆ. ಆಕೆ ಒಪ್ಪಲಿಲ್ಲ. "ಒಳಗ ಹೋಗ್ರಿ. ನಾ ಮುಚ್ತೇನಿ."

ಹೋದೆ. ಬಾಗಿಲು ಕೂತಿತು, ಹೊರಗಿನ ಸದ್ದೆಲ್ಲ ನಿಂತಿತು. ಕತ್ತಲೆ, ಚಳಿ, ಮೂಗಿಗೇರುವ ಘಾಟು. ರಾಡು ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಮೊದಲ ಸಲ ಕೈ ತಪ್ಪಿ ಬರೀ ಬಾಗಿಲು ತಡವಿತು. ಎರಡನೆಯ ಸಲ ಸಿಕ್ಕಿತು. ತಳ್ಳಿದೆ.

ಹೊರಗೆ ಆಕೆ ಕಟ್ಟಿದ ಕೈ ಬಿಟ್ಟಳು. "ನಾಳಿಂದ ಬರ್ತೇನಿ ಸಾವ್ಕಾರ್ರ" ಎಂದಳು. ನನ್ನ ಕಡೆ ನೋಡಲಿಲ್ಲ.