ಕಾಲುಗಳನ್ನು ಮಾತಾಡಿಸುತ್ತಿದ್ದ ಬನಪ್ಪಜ್ಜ

ಬನಪ್ಪಜ್ಜನಿಗೆ ಬೆಟಗೇರಿಯ ನಮ್ಮ ಓಣಿಯ ಜನ ಗೊತ್ತಿದ್ದದ್ದು ಮೊಣಕಾಲಿನವರೆಗೆ ಮಾತ್ರ. ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಕಾಂಕ್ರೀಟು ಹಾಕಿದಾಗಲೆಲ್ಲ ರಸ್ತೆ ಏರುತ್ತ ಹೋಗಿ, ಮನೆ ತಗ್ಗಿಗೆ ಬಿದ್ದು, ಮಗ್ಗದ ಪಕ್ಕದ ಪುಟ್ಟ ಕಿಟಕಿ ರಸ್ತೆಯ ಮಟ್ಟಕ್ಕೇ ಬಂದಿತ್ತು. ಅದರಲ್ಲಿ ಕಾಣುತ್ತಿದ್ದದ್ದು ಹೋಗಿಬರುವವರ ಕಾಲುಗಳಷ್ಟೇ. ಬೂಟು, ಹವಾಯಿ, ಬರಿಗಾಲು, ಯಾವುದೇ ಇರಲಿ, ಲಾಳಿ ಎಸೆಯುತ್ತಲೇ ಅಜ್ಜ ಕೂಗುತ್ತಿದ್ದ: "ಏನ್ರಿ, ಆರಾಮ ಅದೀರಿ?"

ಉತ್ತರ ಕೊಡಬೇಕೆಂದರೆ ಬಗ್ಗಬೇಕು. ಇಸ್ತ್ರಿ ಅಂಗಿಯ ಸಾಹೇಬರು ಸಹ ಬ್ಯಾಗು ಹಿಡಿದುಕೊಂಡು ಬಗ್ಗಿ, "ಆರಾಮ್ರಿ ಅಜ್ಜಾರ" ಎಂದು ಕಿಟಕಿಯ ಕತ್ತಲೆಗೆ ಹೇಳಿ ಹೋಗುವುದನ್ನು ಕಂಡು ನನಗೆ ನಗು ಬರುತ್ತಿತ್ತು. ನಾನು ಮಾತ್ರ ಬಗ್ಗುತ್ತಿರಲಿಲ್ಲ. ಹತ್ತಿರದ ಹೊಂಬಳದ ಶಾಲೆಗೆ ಟೀಚರಾಗಿ ಬಂದು, ಅಜ್ಜನ ಮನೆಯ ಎದುರು ಮಾಳಿಗೆಯಲ್ಲಿ ಬಾಡಿಗೆಗಿದ್ದೆ. "ಹಾದ್ಯಾಗ ಹಲ್ಲು ಕಿಸೀಬ್ಯಾಡ" ಎಂಬುದು ಮುಂಡರಗಿಯ ನಮ್ಮವ್ವ ಕಲಿಸಿದ ಮೊದಲ ಪಾಠ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂಬ ಗಾದೆಯಲ್ಲಿ ಅವ್ವ ಹೇಳುತ್ತಿದ್ದದ್ದು ಮೊದಲರ್ಧ ಮಾತ್ರ. ಅಳುವ ಗಂಡಸಿನ ಸುದ್ದಿ ನಮ್ಮ ಮನೆಯಲ್ಲಿ ಎಂದೂ ಬರಲಿಲ್ಲ.

ಐದು ತಿಂಗಳು ಅಜ್ಜ ದಿನಾ ಕೂಗಿದ, ನಾನು ದಿನಾ ಬಿರಬಿರನೆ ನಡೆದೆ. ಒಂದು ಬೆಳಿಗ್ಗೆ ಕೂಗು ಬೇರೆಯಾಗಿತ್ತು.

"ತಂಗಿ, ಎಡಗಾಲಿನ ಉಂಗುಷ್ಟ ಹರಿಯಾಕ ಬಂದೈತಿ. ಬಸ್ ಹತ್ತೂ ಮುಂದ ಜ್ವಾಕಿ."

ನೋಡಿದರೆ ನಿಜ, ಚಪ್ಪಲಿಯ ಹೆಬ್ಬೆರಳು ತೂರಿಸುವ ಉಂಗುಷ್ಟ ಒಂದೆಳೆಯ ಮೇಲೆ ನಿಂತಿತ್ತು. ಬಗ್ಗಿದೆ. ನನ್ನ ಮುಖ ಕಂಡೊಡನೆ ಅಜ್ಜ ಕಣ್ಣು ಮಗ್ಗಕ್ಕೆ ಇಳಿಸಿ, "ದಾರ ಕೊಡ್ಲೇನು?" ಎಂದ. ಅದನ್ನು ಹಳೇ ಕಾಲದ ಮರ್ಯಾದೆ ಎಂದುಕೊಂಡೆ.

ಆಮೇಲೆ ಸಂಜೆ ಹೊತ್ತು ಅವರ ಮನೆಗೆ ಹೋಗುವುದು ರೂಢಿಯಾಯಿತು. ಹೆಂಡತಿ ನೀಲವ್ವ ಚಹಾ ಕೊಡುತ್ತ ನನ್ನೆದುರೇ ಗಂಡನನ್ನು ಹಂಗಿಸುತ್ತಿದ್ದಳು. "ಮದಿವಿ ಆಗಿ ನಲವತ್ತು ವರ್ಷ ಆತು, ನನ್ನ ಮಾರಿ ನೋಡಿ ಒಮ್ಮೆರ ಆರಾಮ ಅದೀಯೇನು ಅಂದಿಲ್ಲ. ಬೀದ್ಯಾಗಿನ ಕಾಲಿಗೆ ಎಷ್ಟು ಉಪಚಾರ ನೋಡ್ರಿ!"

"ನೀ ಇಲ್ಲೇ ಇರ್ತೀಯಲ್ಲ. ಅವ್ರು ಹೊಂಟವ್ರು," ಎನ್ನುತ್ತಿದ್ದ ಅಜ್ಜ.

"ಎಲ್ಲಿಗೆ" ಎಂದು ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ. ಹೊರಟವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ಅವನ ನಂಬಿಕೆ.

ಹೋದ ವರ್ಷ ಅಜ್ಜನ ಮೊಣಕಾಲು ಕೈಕೊಟ್ಟವು. ಇನ್ನು ಕುಣಿಗೆ ಇಳಿಯಲೇಬಾರದೆಂದರು ಡಾಕ್ಟರು. ಮಗ್ಗ ಬಿಚ್ಚಿದ್ದಾಯಿತು. ನೀಲವ್ವ ರಸ್ತೆಯಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ, "ಇನ್ನ ಇಡೀ ಓಣಿ ಮಾತಾಡ್ಸು" ಎಂದಳು.

ಅಜ್ಜ ಯಾರನ್ನೂ ಮಾತಾಡಿಸಲಿಲ್ಲ. ಅಪರಿಚಿತರು ಬಂದರೆ ತಲೆ ಬಗ್ಗಿಸಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಊಟವೂ ಕಡಿಮೆಯಾಯಿತು. ಮಗ್ಗ ಹೋದ ದುಃಖವೆಂದು ನಾವೆಲ್ಲ ತಿಳಿದೆವು. "ಹಿಂಗ ಬಾಯಿ ಮುಚ್ಚಿ ಕುಂತ್ರ ಇವ ಭಾಳ ದಿನ ಉಳಿಯೂದಿಲ್ರಿ ಅಕ್ಕೋರ," ಎಂದು ನೀಲವ್ವ ಕಣ್ಣೊರೆಸಿಕೊಂಡಳು.

ನಾನು ಅಜ್ಜನನ್ನೇ ಕೇಳಿಬಿಟ್ಟೆ.

"ಮಗ್ಗದ ಚಿಂತಿ ಅಲ್ಲ ತಂಗಿ," ಎಂದ. "ಕಾಲು ಯಾರ ಮ್ಯಾಲೂ ಸಿಟ್ಟಾಗೂದಿಲ್ಲ. ಮಾರಿ ನೋಡಿದ್ರ, ಇವ ಏನ ತಿಳ್ಕೋತಾನೋ ಅಂತ ಅಂಜಿಕಿ. ಸಣ್ಣಾಂವ ಇದ್ದಾಗಿಂದ ನಾ ಹಿಂಗ. ಆ ಕಿಟಕ್ಯಾಗ ಮಾರಿ ಕಾಣ್ತಿದ್ದಿಲ್ಲ, ಯಾರರ ಬಗ್ಗಿದ್ರ ನಾ ಮಗ್ಗ ನೋಡ್ತಿದ್ದೆ, ಅದಕ್ಕ ನನಗ ಬಾಯಿ ಇತ್ತು."

ಇಡೀ ಬೆಟಗೇರಿಯಲ್ಲಿ ಇವನಂಥ ಎದೆಗಾರನಿಲ್ಲ ಎಂದುಕೊಂಡಿದ್ದೆ. ನನ್ನಷ್ಟೇ ಪುಕ್ಕಲ! ಅವನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಆ ಜೂನಿನಲ್ಲಿ ನನಗೆ ಮುಂಡರಗಿ ಕಡೆ ವರ್ಗವಾಯಿತು. ದೀಪಾವಳಿಗೆ ಹೋಗಿ ನೋಡಿಬರಬೇಕೆಂದಿದ್ದೆ, ಅದಕ್ಕೂ ಮೊದಲೇ ಅಜ್ಜ ತೀರಿಕೊಂಡ ಸುದ್ದಿ ಬಂತು. ನನಗೆ ಉಳಿದದ್ದು ಸಾಮಾನು ಕಟ್ಟಿದ ದಿನದ ಭೇಟಿಯೊಂದೇ.

ಅವತ್ತು ಟೆಂಪೋ ತಡವಾಗಿತ್ತು. ಅಜ್ಜನ ಪಕ್ಕ ಕೂತಿದ್ದೆ. ಬಿತ್ತನೆ ಶೇಂಗಾದ ಚೀಲ ಹೊತ್ತ ಯಾರೋ ರೈತ ಬಂದ. ನನಗೇನಾಯಿತೋ, ಅವ್ವನ ಪಾಠವನ್ನೆಲ್ಲ ನುಂಗಿಕೊಂಡು, "ಏನ್ರಿ, ಆರಾಮ ಅದೀರಿ?" ಎಂದುಬಿಟ್ಟೆ.

ಆತ ನಿಂತ. "ಆರಾಮ್ರಿ. ನಾವು ಹಮ್ಮಿಗಿಯವ್ರು. ನಿಮ್ಮ ಗುರ್ತು ಹತ್ಲಿಲ್ರಿ?"

"ಗುರ್ತು ಇಲ್ರಿ. ಸುಮ್ಮನ ಕೇಳಿದೆ."

"ಹಂಗೇನು!" ಎಂದು ಬಾಯ್ತುಂಬ ನಕ್ಕು ಹೋದ.

ಅಜ್ಜ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಮುಂದೆ ಬಂದವನು ಕರಿ ಕನ್ನಡಕದ ಒಬ್ಬ ತರುಣ. ಅಜ್ಜ ಮೊದಲು ಅವನ ಬೂಟು ನೋಡಿದ. ಆಮೇಲೆ ನಿಧಾನಕ್ಕೆ ಕತ್ತೆತ್ತಿ ಮುಖ ನೋಡಿದ.

"ಏನ್ರಿ..." ಎಂದ. "ಆರಾಮ ಅದೀರಿ?"

ತರುಣ ಹುಬ್ಬು ಗಂಟಿಕ್ಕಿ ಅಜ್ಜನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಮಾತೂ ಆಡದೆ ಮುಂದೆ ನಡೆದ.

ನನಗೆ ಅಜ್ಜನ ಕಡೆ ತಿರುಗಲೂ ಭಯ. ಅಜ್ಜ ಮಾತ್ರ, ಆ ತರುಣ ಓಣಿಯ ತಿರುವು ದಾಟುವವರೆಗೂ ನೋಡುತ್ತಿದ್ದು, ಆಮೇಲೆ ನನ್ನ ಮೊಣಕೈ ತಿವಿದ.

"ನೋಡು ತಂಗಿ," ಎಂದ, "ಏನೂ ಆಗ್ಲಿಲ್ಲ!"