ಕೋಳಿಗೂಡಾದ ಕಾರಿನ ಹಾರ್ನ್

ನಿನ್ನೆ ಹಂಪನಕಟ್ಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಮೊಮ್ಮಗಳು ರಬ್ಬರ್ ಉಂಡೆಯ ಹಾರ್ನೊಂದನ್ನು ಹಿಚುಕಿದಳು.

ಅಪ್ಪನ ಕಾರಿಗೂ ಅಂಥದೇ ಹಾರ್ನ್ ಇತ್ತು. ಯುದ್ಧದಲ್ಲಿ ಲಾರಿ ಓಡಿಸಲು ಹೋದ ಅಪ್ಪನಿಂದ ಕಾಗದ ಬರುವುದು ನಿಂತುಹೋಗಿತ್ತು. ಪೆಟ್ರೋಲೂ ಸಿಗುತ್ತಿರಲಿಲ್ಲ. ಅಮ್ಮನ ತಮ್ಮ, ನಮ್ಮ ಮಾವ, ಕಾರನ್ನು ಕೆಂಪುಕಲ್ಲುಗಳ ಮೇಲೆ ಕೂರಿಸಿ, ಹಿಂದಿನ ಸೀಟು ಕಿತ್ತು, ಬಿದಿರಿನ ಪಟ್ಟಿ ಬಡಿದು ಕೋಳಿಗೂಡು ಮಾಡಿದರು.

“ಅವರು ಬಂದರೆ ಎಂತ ಹೇಳ್ತಿ?” ಎಂದು ಅಮ್ಮ ಕೇಳಿದಳು.

“ಬರಲಿ ಅಕ್ಕ, ನಾಲ್ಕು ಮೊಟ್ಟೆ ಕೊಟ್ಟು ಸಮಾಧಾನ ಮಾಡುವ.”

ನಾಯಿ ಟಾಮಿ ಮಾತ್ರ ಅಪ್ಪ ಹೋದಂದಿನಿಂದ ಗೇಟಿನ ಬಳಿಯೇ ಮಲಗುತ್ತಿತ್ತು. ಎಷ್ಟು ಕರೆದರೂ ನನ್ನೊಡನೆ ಆಡಲು ಬರುತ್ತಿರಲಿಲ್ಲ. ಒಂದು ಸಂಜೆ ಜೊತೆಗೆ ಯಾರೂ ಇಲ್ಲದೆ ಬೇಸರವಾಗಿ, ಅಪ್ಪನ ಸೀಟಿನಲ್ಲಿ ಕುಳಿತು ಹಾರ್ನ್ ಹಿಚುಕಿದೆ. ಕೋಳಿಗಳು ಬೆಚ್ಚಿ ಕೂಗಿದವು. ಟಾಮಿ ಒಂದೇ ಉಸಿರಿಗೆ ಓಡಿಬಂತು. ಸೀಟು ಮೂಸಿತು, ನನ್ನ ಕಾಲು ಮೂಸಿತು, ಬಾಲ ಇಳಿಸಿ ಗೇಟಿಗೆ ಹಿಂತಿರುಗಿತು.

ಅದರ ಹಿಂದೆಯೇ ಅಮ್ಮನೂ ಓಡಿಬಂದಿದ್ದಳು. ಕೈಯಲ್ಲಿ ಮೀನುಸಾರಿನ ಸೌಟು ಹಾಗೆಯೇ ಇತ್ತು.

“ನೀನಾ?” ಎಂದಳು. ಬೈಯಲಿಲ್ಲ.

ಮತ್ತೆ ಆ ಹಾರ್ನನ್ನು ನಾನು ಮುಟ್ಟಲಿಲ್ಲ.

ನಿನ್ನೆ ಅಂಗಡಿಯಲ್ಲಿ ಎಲ್ಲರೂ ಮೊಮ್ಮಗಳನ್ನು ನೋಡಿ ನಕ್ಕರು. ನಾನು ಬಾಗಿಲಿನ ಕಡೆ ನೋಡುತ್ತಿದ್ದೆ.